ಉಪ್ಪುನೀರಿನ ಮೀನಿನ ಟ್ಯಾಂಕ್ 31.4 ಡಿಗ್ರಿ ಮುಟ್ಟೇತಿ, ಚಿಲ್ಲರ್ (ನೀರ ತಂಪ ಮಾಡೂ ಮಶೀನ್) ಇಲ್ಲದ ಬ್ಯಾಸಗಿ ದಾಟಸಾಕ ದಾರಿ ಐತೇನ್ರಿ?

ಉಣಕಲ್ ಹುಡುಗ (ಹುಬ್ಬಳ್ಳಿ), ಏಪ್ರಿಲ್ 11

ಎಲ್ಲಾರಿಗೂ ನಮಸ್ಕಾರ್ರಿ. ಭಾಳ ದಿನದಿಂದ ಬರೇ ಓದಕೋತ ಇದ್ದೆ, ಇವತ್ತ ಕೇಳಲೇಬೇಕಾಗೇತಿ. ನನ್ನ ಟ್ಯಾಂಕ್ 3 ಫೂಟ ಉದ್ದ, ಒಂದೂವರಿ ಅಗಲ, ಒಂದೂವರಿ ಎತ್ತರ, ಅಂದ್ರ 190 ಲೀಟರ್ ಹತ್ತತ್ರ, ಕೆಳಗ ಸಣ್ಣ ಸಂಪ್. ದಸರಾದಾಗ ಚಾಲೂ ಮಾಡಿದ್ದು. ಒಳಗ ಎರಡ ಕ್ಲೌನ್ ಮೀನ, ಒಂದ ಕ್ಲೀನರ್ ಶ್ರಿಂಪ್ (ಸೀಗಡಿ), ನಾಲ್ಕ ಗುಂಪ ಝೋವಾ (ಹೂವಿನಂಗ ಅರಳೂ ಸಣ್ಣ ಕಡಲಜೀವಿ), ಒಂದ ಲೆದರ್ ಕೋರಲ್ (ಮೆತ್ತನ ಹವಳ). ಥಂಡಿ ದಿನದಾಗ ಹೀಟರ್ ಹಚ್ಚಿ 25ಕ್ಕ ಇಟ್ಟಿದ್ದೆ, ಏನೂ ತ್ರಾಸ ಇರಲಿಲ್ಲ.

ಈಗ ನೋಡ್ರಿ, ನಮ್ಮದು ಮ್ಯಾಲಿನ ಮಹಡಿ ಬಾಡಿಗಿ ಮನಿ, ಸ್ಲ್ಯಾಬ್ ಇಡೀ ದಿನ ಕಾದ ಹಂಚಿನ ಗತೆ ಆಗಿರತೈತಿ. ಮುಂಜಾನೆ 6ಕ್ಕ ಟ್ಯಾಂಕ್ 27.5, ಮಧ್ಯಾಹ್ನ 4ಕ್ಕ 31.4. ಮೊನ್ನೆ ಶ್ರಿಂಪ್ ಸತ್ತೋತು. ಝೋವಾ ಮುಚಗೊಂಡ ಕುಂತಾವ, ಲೆದರ್ ಬಾಡೇತಿ, ಕ್ಲೌನ್ ಎರಡೂ ನೀರಿನ ಮ್ಯಾಲ ಬಂದ ಲಗೂಲಗೂ ಉಸರಾಡತಾವ. ಚಿಲ್ಲರ್ ರೇಟ ಕೇಳಿದೆ, ನನ್ನ ಒಂದ ತಿಂಗಳ ಪಗಾರಕ್ಕಿಂತ ಜಾಸ್ತಿ. ಇನ್ನೂ ಮೇ ತಿಂಗಳ ಪೂರಾ ಐತಿ. ನಮ್ಮ ಊರಿನ ಬಿಸಲಾಗ ಯಾರರ ಚಿಲ್ಲರ್ ಇಲ್ಲದ ನಡಸ್ಯಾರೇನು? ಖರೇ ಹೇಳ್ರಿ, ಮೀನ ಸಾಯೂದ ನೋಡಾಕ ಆಗವಲ್ದು.

ನವನಗರ ನಿವಾಸಿ

ಐಸ್ ಬಾಟ್ಲಿ ಹಾಕ್ರಿ. 1 ಲೀಟರ್ ಬಾಟ್ಲಿ ಫ್ರೀಝರ್‌ನ್ಯಾಗ ಇಟ್ಟು ಮಧ್ಯಾಹ್ನ ತೇಲಿ ಬಿಟ್ಟರ ಆತು. ನಾ ಹಂಗ ಮಾಡತೀನಿ.

ಹಾವೇರಿ ಏಲಕ್ಕಿ

ಅಣ್ಣಾರ ನನ್ನವು ಗೋಲ್ಡ್‌ಫಿಶ್, ಸಿಹಿನೀರು. ಅವಕ್ಕೂ ಹಿಂಗ ಬಾಯಿ ತಗಿಯಾಕ ಹತ್ಯಾವ. ಇಲ್ಲಿ ಕೇಳಬಹುದಾ?

ಸಾಧನಕೇರಿ ಕಡಲು (ಧಾರವಾಡ)

ಹಾವೇರಿಯವ್ರ, ಕೇಳ್ರಿ ಕೇಳ್ರಿ, ಬಿಸಿ ಎಲ್ಲಾ ಮೀನಿಗೂ ಒಂದ ಲೆಕ್ಕ. ಏರ್ ಪಂಪ್ ಹಚ್ಚ್ರಿ ಮೊದಲ.

ತಮ್ಮಾ ಉಣಕಲ್, ಗಾಬರಿ ಆಗಬ್ಯಾಡ. ನಾ ಮೂರ ಬ್ಯಾಸಗಿ ಚಿಲ್ಲರ್ ಇಲ್ಲದನ ದಾಟಸೇನಿ, ನಂದು ನಿನಕ್ಕಿಂತ ಸ್ವಲ್ಪ ದೊಡ್ಡ ಟ್ಯಾಂಕ್. ಮೊದಲ ಇವತ್ತ ರಾತ್ರಿ ಮಾಡೂ ದಗದ ಹೇಳತೀನಿ. ಟ್ಯಾಂಕಿನ ಮ್ಯಾಲಿನ ಗ್ಲಾಸ್ ಮುಚ್ಚಳ ಇದ್ರ ತಗದ ಒಗಿ, ಅದರ ಬದ್ಲಿ ಸಣ್ಣ ಕಣ್ಣಿನ ಜಾಳಗಿ ಹಾಸು, ಇಲ್ಲಂದ್ರ ಮೀನ ಹಾರಿ ಕೆಳಗ ಬೀಳತಾವ. ವೇವ್ ಮೇಕರ್ (ಟ್ಯಾಂಕಿನ ಒಳಗ ನೀರ ತಳ್ಳೂ ಸಣ್ಣ ಪಂಪ್) ಬಾಯಿ ಮ್ಯಾಲ ತಿರುಗಿಸು, ನೀರಿನ ಮೈ ಕುಣೀಬೇಕು. ಲೈಟ್ ಹಗಲ ಹಚ್ಚಬ್ಯಾಡ, ಸಂಜಿ 6ರಿಂದ ರಾತ್ರಿ 12ರ ತನಕ ಹಚ್ಚು, ಕೋರಲ್ಲಿಗೆ ಹಗಲು ಯಾವಾಗ ಅಂತ ನೀ ಹೇಳಿದ್ದ ಲೆಕ್ಕ. ಒಮ್ಮೆಲೆ ಬದಲಿ ಮಾಡದ ದಿನಕ್ಕ ಒಂದ ತಾಸಿನಂಗ ಸರಿಸು.

ಆಮ್ಯಾಲ ಫ್ಯಾನ್. ಕಂಪ್ಯೂಟರ್‌ಗೆ ಬರೂ 12 ವೋಲ್ಟಿನ ದೊಡ್ಡ ಫ್ಯಾನ್, 120 ಎಂಎಂದು, ಎರಡು. ಒಂದ ಅಡಾಪ್ಟರ್. ನೀರಿನ ಮ್ಯಾಲ ಓರೆ ಆಗಿ ಗಾಳಿ ಹೊಡಿಯೂಹಂಗ ಕೂಡಿಸು. ಒಂದ ಟೆಂಪರೇಚರ್ ಕಂಟ್ರೋಲರ್ ತಗೊಂಡ ಅದಕ್ಕ ಹಚ್ಚಿ 26.5ಕ್ಕ ಚಾಲೂ, 26ಕ್ಕ ಬಂದ್ ಅಂತ ಸೆಟ್ ಮಾಡು. ನನ್ನ ಪಡಸಾಲಿ ಹೋದ ವರ್ಷ ಮೇದಾಗ 35 ಇದ್ದಾಗ ಟ್ಯಾಂಕ್ 27.1ರ ಮ್ಯಾಲ ಹೋಗಲಿಲ್ಲ. ಖರ್ಚು ಚಿಲ್ಲರ್‌ಗೆ ಹೋಲಿಸಿದ್ರ ಏನೂ ಅಲ್ಲ.

ಕುಡ್ಲ ರೀಫ್ (ಮಂಗಳೂರು)

ಅಕ್ಕ, ಬೇಜಾರು ಮಾಡಬೇಡಿ, ಫ್ಯಾನಿಂದ ಎಂಟು ಡಿಗ್ರಿ ಇಳೀತದೆ ಅಂದ್ರೆ ನಾನು ನಂಬುದಿಲ್ಲ. ನಾನು ನಾಲ್ಕು ಫ್ಯಾನ್ ಹಾಕಿ ನೋಡಿದ್ದೇನೆ ಮಾರಾಯ್ರೆ, ಒಂದು, ಹೆಚ್ಚಂದ್ರೆ ಒಂದೂವರೆ ಡಿಗ್ರಿ. ಕಡೆಗೆ ಚಿಲ್ಲರೇ ಗತಿ ಆಯ್ತು. ಹೊಸಬರಿಗೆ ಸುಮ್ಮನೆ ಆಸೆ ಹುಟ್ಟಿಸಬೇಡಿ, ಅಷ್ಟರಲ್ಲಿ ಅವರ ಕೋರಲ್ ಹೋಗ್ತದೆ.

ಸಾಧನಕೇರಿ ಕಡಲು

ನಾ ಸುಳ್ಳ ಯಾಕ ಹೇಳ್ಲಿ? ಮೂರ ವರ್ಷದ ನೋಟ್‌ಬುಕ್ ಐತಿ, ದಿನಾ ಮುಂಜಾನೆ ಸಂಜಿ ಬರದಿಟ್ಟೇನಿ.

ಮೆಕ್ಯಾನಿಕಲ್ ವಿದ್ಯಾನಗರ

ಇಬ್ರದೂ ಖರೇ ಐತ್ರಿ, ಜಗಳ ಬ್ಯಾಡ. ನಿಮ್ಮ ನಿಮ್ಮ ಊರಿನ ಗಾಳಿ ಬ್ಯಾರೆ, ಅಷ್ಟ.

ಫ್ಯಾನ್ ನೀರ ತಣ್ಣಗ ಮಾಡೂದಿಲ್ಲ, ನೀರ ಆವಿ ಮಾಡತೈತಿ, ಆವಿ ಆಗೂ ನೀರು ಉಳದ ನೀರಿನ ಬಿಸಿ ಕಸಗೊಂಡ ಹೋಗತೈತಿ. ನಮ್ಮ ಅವ್ವನ ಹರವಿ ಹೆಂಗ ಕೆಲಸ ಮಾಡತೈತಿ ಹಂಗ. ಹರವಿ ಮಣ್ಣಿನ ಸಣ್ಣ ಸಣ್ಣ ತೂತಿನ್ಯಾಗಿಂದ ನೀರ ಜಿನಗಿ ಹೊರಗ ಆರತೈತಿ, ಒಳಗಿಂದ ತಂಪ ಆಗತೈತಿ. ಹರವಿ ಒಣ ಗಾಳ್ಯಾಗ ತಂಪ ಮಾಡತೈತಿ, ಮಳಿಗಾಲದಾಗ ಮಾಡೂದಿಲ್ಲ, ಯಾಕಂದ್ರ ಗಾಳಿ ಮೊದಲ ಹಸಿ ಇರತೈತಿ, ಇನ್ನಷ್ಟ ಆವಿ ಹಿಡ್ಯಾಕ ಅದಕ್ಕ ಜಾಗಾ ಇಲ್ಲ.

ಲೆಕ್ಕಾ ನೋಡ್ರಿ. ಹುಬ್ಬಳ್ಳ್ಯಾಗ ಏಪ್ರಿಲ್ ಮಧ್ಯಾಹ್ನ 37 ಡಿಗ್ರಿ ಇದ್ದು ಗಾಳ್ಯಾಗಿನ ತೇವಾಂಶ ಬರೇ 25 ಪರ್ಸೆಂಟ್ ಇದ್ರ, ಆವಿ ಮಾಡಿ ಇಳಸಬಹುದಾದ ಕಡೀ ಗೆರಿ 22 ಡಿಗ್ರಿ ಹತ್ತತ್ರ. ಅಷ್ಟ ಇಳಿಯೂದಿಲ್ಲ, ಆದ್ರ ಇಳಿಯಾಕ ಜಾಗಾ ಐತಿ. ಮಂಗಳೂರಾಗ 33 ಡಿಗ್ರಿ, ತೇವಾಂಶ 70 ಇದ್ರ ಆ ಗೆರೀನ 28ರ ಮ್ಯಾಲ ಇರತೈತಿ. ಅಲ್ಲಿ ನಾಲ್ಕಲ್ಲ, ನಲವತ್ತ ಫ್ಯಾನ್ ಹಚ್ಚಿದ್ರೂ 26ಕ್ಕ ಬರೂದಿಲ್ಲ. ಕಡಲಿನ ಮೀನ ಸಾಕಾಕ ಕಡಲ ದಂಡಿಗಿಂತ ನಮ್ಮ ಬಯಲಸೀಮಿ ಬ್ಯಾಸಗಿ ಚಲೋ ಅಂತ ಹೇಳಬೇಕಾಗತೈತಿ.

ಕುಡ್ಲ ರೀಫ್

ಓ, ಹಾಗಾದ್ರೆ ಸರಿ. ನಮ್ಮಲ್ಲಿ ಬಟ್ಟೆಯೇ ಒಣಗುದಿಲ್ಲ, ಟ್ಯಾಂಕ್ ಎಲ್ಲಿಂದ. ಅಕ್ಕ ತಪ್ಪಾಯ್ತು, ನನ್ನ ಮಾತು ಹಿಂದೆ ತಗೊಂಡೆ.

ಸಾಧನಕೇರಿ ಕಡಲು

ಇರಲಿ ಬಿಡ್ರಿ ಅಣ್ಣಾ.

ನವನಗರ ನಿವಾಸಿ

ಆದ್ರ ನನ್ನ ಐಸ್ ಬಾಟ್ಲಿ ಮಾತ ಯಾರೂ ಎತ್ತವಲ್ರಿ.

ಮೆಕ್ಯಾನಿಕಲ್ ವಿದ್ಯಾನಗರ

ಎತ್ತತೀನ್ರಿ ಸರ್. 1 ಲೀಟರ್ ಐಸ್ ಕರಗಿ ಟ್ಯಾಂಕಿನ ಮಟ್ಟಕ್ಕ ಬರಾಕ ನೂರಾ ಚಿಲ್ಲರೆ ಕಿಲೋ ಕ್ಯಾಲರಿ ತಗೋತೈತಿ. 200 ಲೀಟರ್ ನೀರಿಗೆ ಅದ ಅರ್ಧ ಡಿಗ್ರಿ. ಅದ 1 ಲೀಟರ್ ನೀರು ಆವಿ ಆತಂದ್ರ ಹತ್ತತ್ರ 580 ಕಿಲೋ ಕ್ಯಾಲರಿ ಒಯ್ಯತೈತಿ, ಅಂದ್ರ ಮೂರ ಡಿಗ್ರಿಯಷ್ಟು. ಐದ ಬಾಟ್ಲಿ ಐಸಿನ ಕೆಲಸ ಒಂದ ಲೀಟರ್ ಆವಿ ಮಾಡತೈತಿ, ಅದೂ ಸಾವಕಾಶ, ಇಡೀ ದಿನ. ಐಸ್ ಹಾಕಿದ್ರ ಗಪ್ಪನ ಇಳೀತೈತಿ, ಕರಗಿದ ಮ್ಯಾಲ ಮತ್ತ ಏರತೈತಿ. ಮತ್ತ ನೀವ ಆಫೀಸಿಗೆ ಹೋದಾಗ ಬಾಟ್ಲಿ ಬದಲಿ ಮಾಡವ್ರ ಯಾರು?

ನವನಗರ ನಿವಾಸಿ

ನಮ್ಮನ್ಯಾಗ ನಮ್ಮ ತಾಯಿ ಮಾಡತಾರ್ರಿ. ಆದ್ರ ಲೆಕ್ಕಾ ಒಪ್ಪಿದೆ. ನನಗೂ ಸಂಜಿ ಆತಂದ್ರ ಒಮ್ಮೆಲೆ ಏರೂದು ಕಾಣತೈತಿ.

ಪ್ರಾಣಿಶಾಸ್ತ್ರ ಮಾಸ್ತರ (ಧಾರವಾಡ)

ಈ ಏರಿಳಿತದ ಬಗ್ಗೆ ಒಂದ ಮಾತು ಹೇಳಬೇಕು. ಉಣಕಲ್ ತಮ್ಮಗ 31.4 ಅನ್ನೂ ಅಂಕಿ ಹೆದರಸೇದ, ನನಗ ಹೆಚ್ಚ ಚಿಂತಿ ಆಗಿದ್ದು ಮುಂಜಾನೆ 27.5, ಮಧ್ಯಾಹ್ನ 31.4, ಅಂದ್ರ ದಿನಾ ನಾಲ್ಕ ಡಿಗ್ರಿ ಹತ್ತಿ ಇಳಿಯೂದು. ಮೀನ, ಶ್ರಿಂಪ್, ಕೋರಲ್ ಯಾವಕ್ಕೂ ನಮ್ಮಂಗ ತಮ್ಮ ಮೈ ಬಿಸಿ ತಾವ ಕಾಯಕೊಳ್ಳೂ ಶಕ್ತಿ ಇಲ್ಲ. ನೀರ ಬಿಸಿ ಆದ್ರ ಮೈ ಬಿಸಿ ಆಗತದ, ಉಸರಾಟ ಜೋರ ಆಗತದ, ಆಮ್ಲಜನಕ ಹೆಚ್ಚ ಬೇಕಾಗತದ. ಅದ ಹೊತ್ತಿಗೆ ಬಿಸಿ ನೀರಿನೊಳಗ ಆಮ್ಲಜನಕ ಕಡಿಮಿ ಕರಗತದ. ಉಪ್ಪುನೀರಿನೊಳಗ 25 ಡಿಗ್ರಿಗೆ ಲೀಟರಿಗೆ 6.7 ಮಿಲಿಗ್ರಾಂ ಹತ್ತಿರ ಹಿಡಿಸಿದ್ರ 30ಕ್ಕ 6.2. ಸಿಹಿನೀರಿಗಿಂತ ಮೊದಲಽ ಕಡಿಮಿ ಇರತದ. ಬೇಡಿಕಿ ಏರತದ, ಪೂರೈಕಿ ಇಳೀತದ, ಅದಕ ಮೀನ ಮ್ಯಾಲ ಬರೂದು.

ಕೋರಲ್ಲಿನ ಮಾತು ಬ್ಯಾರೆ. ಅದರ ಮೈಯೊಳಗ ಸೂಕ್ಷ್ಮ ಪಾಚಿ ಇರತಾವ, ಬೆಳಕಿನಿಂದ ಆಹಾರ ಮಾಡಿ ಕೋರಲ್ಲಿಗೆ ಕೊಡತಾವ. ಬಿಸಿ ಹೆಚ್ಚ ದಿನ ನಿಂತ್ರ ಕೋರಲ್ ಆ ಪಾಚಿನ್ನ ಹೊರಗ ಹಾಕತದ, ಬೆಳ್ಳಗಾಗತದ. ಲಕ್ಷದ್ವೀಪದೊಳಗ 1998, 2010, 2016ರಾಗ ಆದದ್ದು ಇದಽ.

ಕಾರವಾರ ರೋಡ್ (ಹುಬ್ಬಳ್ಳಿ)

ಮಾಸ್ತರ, ಒಂದ ಡೌಟು. ಕಾರವಾರದ ಕಡಲ ಮೇ ತಿಂಗಳದಾಗ 29, 30 ಇರತೈತಿ ಅಂತಾರ. ಅಲ್ಲಿ ಮೀನ ಆರಾಮ ಅದಾವ. ಹಂಗಿದ್ದಾಗ ನಾವ ಮನ್ಯಾಗ 26, 26 ಅಂತ ಯಾಕ ಬಡಕೋಬೇಕು? ಮಂದಿ ಸುಮ್ನ ಖರ್ಚ ಮಾಡಸಾಕ ಹತ್ಯಾರ ಅನಸತೈತಿ.

ಪ್ರಾಣಿಶಾಸ್ತ್ರ ಮಾಸ್ತರ

ಪ್ರಶ್ನಿ ಚಲೋ ಅದ. ಅರಬ್ಬೀ ಸಮುದ್ರದ ನಮ್ಮ ಕಡೀ ನೀರು ಮುಂಗಾರು ಮೊದಲ ಅಷ್ಟ ಬಿಸಿ ಆಗೂದು ಖರೇ. ಆದ್ರ ಅಲ್ಲಿ ಒಂದ ದಿನದಾಗ ನಾಲ್ಕ ಡಿಗ್ರಿ ಏರೂದಿಲ್ಲ, ವಾರಗಟ್ಟಲೆ ಸಾವಕಾಶ ಏರತದ. ಬಿಸಿ ಆತಂದ್ರ ಮೀನ ಆಳಕ್ಕ ಇಳೀತಾವ. ತೆರಿ ಹೊಡದ ಗಾಳಿ ಬೆರೀತದ. ನಿಮ್ಮ ಒಂದೂವರಿ ಫೂಟಿನ ಗ್ಲಾಸಿನೊಳಗ ಎಲ್ಲಿಗೆ ಇಳಿಯೂದು? ಮತ್ತ 30ರಾಗ ತ್ರಾಸಿಲ್ಲದ ಬದುಕೂದು ಅಂದ್ರ, ಕರೆಂಟ್ ಹೋತು, ಪಂಪ್ ನಿಂತು ಅನ್ನೂ ಹೊತ್ತಿಗೆ ಕೈಯಾಗ ಏನೂ ಉಳಿದಿರೂದಿಲ್ಲ. 26 ಇದ್ರ ಎರಡ ತಾಸ ಪುರಸೊತ್ತ ಸಿಗತದ.

ಕಾರವಾರ ರೋಡ್

ಕರೆಂಟಿನ ಮಾತಿಗೆ ಒಪ್ಪಿದೆ. ನಾ ಕಾರವಾರದಿಂದ ಕ್ಯಾನಿನ್ಯಾಗ ನೀರ ತರತೀನಿ, ಉಪ್ಪಿನ ಪುಡಿ ಖರ್ಚ ಉಳೀತೈತಿ, ಅದಕ ಕೇಳಿದೆ.

ಗದಗ ಬೆಟಗೇರಿ

ಮಳಿಗಾಲದಾಗ ತರಬ್ಯಾಡ್ರಿ. ಕಾಳಿ ನದಿ ತುಂಬಿ ಹರದಾಗ ಅಲ್ಲಿ ದಂಡಿ ನೀರು ಸಪ್ಪಗ ಆಗತೈತಿ. ಬಂದರದ ಕಡೆ ಎಣ್ಣಿನೂ ಇರತೈತಿ. ಒಂದಸಲ ನಾ ತಂದು ಅಳದಾಗ ಉಪ್ಪು ಅರ್ಧಕ್ಕರ್ಧ ಇತ್ತು.

ಹಳೇ ಹುಬ್ಬಳ್ಳಿ ಫ್ರಿಜ್ ರಿಪೇರಿ

ನಾ ಮೀನ ಸಾಕವ ಅಲ್ಲ, ಫ್ರಿಜ್ ಎಸಿ ರಿಪೇರಿ 20 ವರ್ಷದಿಂದ. ಮಗಾ ಸಾಕ್ಯಾನ, ಅವನ ಸಲುವಾಗಿ ಓದತೀನಿ. ಚಿಲ್ಲರ್ ತಗೊಳ್ಳವ್ರಿಗೆ ಎರಡ ಮಾತು. ಚಿಲ್ಲರ್ ಅಂದ್ರ ಸಣ್ಣ ಫ್ರಿಜ್, ನೀರಿನ ಬಿಸಿ ತಗದ ರೂಮಿಗೆ ಒಗೀತೈತಿ, ಜೊತಿಗೆ ತನ್ನ ಕಂಪ್ರೆಸರ್ ಬಿಸೀನೂ. ಮಂದಿ ಅದನ್ನ ಟ್ಯಾಂಕಿನ ಸ್ಟ್ಯಾಂಡಿನ ಒಳಗ ಬಾಗಲಾ ಮುಚ್ಚಿ ಇಡತಾರ, ಚಂದ ಕಾಣಲಿ ಅಂತ. ಅದ ಬಿಸಿ ಗಾಳಿ ಅದ ಎಳಕೊಂಡು ಇಡೀ ದಿನ ಓಡಿ ಓಡಿ ಒಂದ ವರ್ಷದಾಗ ಕಂಪ್ರೆಸರ್ ಹೋಗತೈತಿ. ಹೊರಗ ಗಾಳ್ಯಾಡೂ ಕಡೆ ಇಡ್ರಿ, ಹಿಂದಿನ ಜಾಳಗಿ ತಿಂಗಳಿಗೊಮ್ಮೆ ಬ್ರಶ್ ಹಾಕಿ ಧೂಳ ತಗೀರಿ. ಸಾಮರ್ಥ್ಯ ಬರೋಬ್ಬರಿ ಸಾಕಾಗೂಹಂಗ ತಗೋಬ್ಯಾಡ್ರಿ, ಒಂದ ಸೈಜ್ ದೊಡ್ಡದ ತಗೊಂಡ್ರ ಕಡಿಮಿ ಹೊತ್ತ ಓಡಿ ಬಿಲ್ಲೂ ಕಡಿಮಿ.

ಮತ್ತ ಕಡಿಮಿ ರೇಟಿಗೆ ಕಂಪ್ರೆಸರ್ ಇಲ್ಲದ ಪೆಲ್ಟಿಯರ್ ಅಂತ ಬರತಾವ. ಸಣ್ಣ 20, 30 ಲೀಟರ್ ಟ್ಯಾಂಕಿಗೆ ಏನರ ಆದೀತು, 190 ಲೀಟರಿಗೆ ಅದು ದಂಡ.

ಉಣಕಲ್ ಹುಡುಗ

ಎಲ್ಲಾರಿಗೂ ಭಾಳ ಉಪಕಾರ ಆತು. ಮುಚ್ಚಳ ತಗದೇನಿ, ಜಾಳಗಿ ಹಾಕೇನಿ, ವೇವ್ ಮೇಕರ್ ಮ್ಯಾಲ ತಿರಗಿಸೇನಿ, ಮೀನ ರಾತ್ರಿಯಿಂದ ಮ್ಯಾಲ ಬರಲಿಲ್ಲ. ಫ್ಯಾನ್ ನಾಳೆ ತರತೀನಿ. ಅಲ್ಲಿ ತನಕ ಮನ್ಯಾಗಿನ ಟೇಬಲ್ ಫ್ಯಾನ್ ಸ್ಟೂಲಿನ ಮ್ಯಾಲ ಇಟ್ಟು ಹೊಡಸಲೇನು?

ಸಾಧನಕೇರಿ ಕಡಲು

ಬ್ಯಾಡ ಬ್ಯಾಡ ತಮ್ಮಾ! ಸ್ಟೂಲ್ ಮ್ಯಾಲ ಬ್ಯಾಡ. ಅದ 230 ವೋಲ್ಟು, ಜಾರಿ ನೀರಾಗ ಬಿತ್ತಂದ್ರ, ಉಪ್ಪುನೀರು ಕರೆಂಟ್ ಹೆಂಗ ಒಯ್ಯತೈತಿ ಗೊತ್ತೈತಲ್ಲ. 12 ವೋಲ್ಟಿನ ಫ್ಯಾನ್ ಅಂತ ಹೇಳಿದ್ದು ಇದ ಸಲುವಾಗಿ. ಟೇಬಲ್ ಫ್ಯಾನ್ ಇಡೂದ ಇದ್ರ ನಾಲ್ಕ ಫೂಟ ದೂರ ನೆಲದ ಮ್ಯಾಲ ಇಟ್ಟು ಮುಖ ಮ್ಯಾಲ ಮಾಡು. ಸಣ್ಣ ಹುಡುಗರ ಇರೂ ಮನ್ಯಾಗ ಅದೂ ಬ್ಯಾಡ. ಮತ್ತ ಎಲ್ಲಾ ವೈರ್ ಪ್ಲಗ್ಗಿಗೆ ಹೋಗೂ ಮೊದಲ ಕೆಳಗ ಒಂದ ಬಾಗು ಇರಬೇಕು, ನೀರ ವೈರ್ ಗುಂಟ ಹರದ ಬಂದ್ರ ಆ ಬಾಗಿನ್ಯಾಗ ತೊಟ್ಟಿಕ್ಕಬೇಕು, ಪ್ಲಗ್ಗಿನ್ಯಾಗ ಹೋಗಬಾರದು.

ಹಳೇ ಹುಬ್ಬಳ್ಳಿ ಫ್ರಿಜ್ ರಿಪೇರಿ

ಅಕ್ಕಾರ ಹೇಳಿದ್ದು ನೂರಕ್ಕ ನೂರ ಖರೇ. ಮನಿ ಬೋರ್ಡಿನ್ಯಾಗ ಇಎಲ್‌ಸಿಬಿ (ಕರೆಂಟ್ ಸೋರಿದ್ರ ತಾನ ಬಂದ್ ಆಗೂ ಸ್ವಿಚ್) ಇಲ್ಲಂದ್ರ ಹಾಕಸ್ಕೋರಿ. ಬಾಡಿಗಿ ಮನಿ ಅಂತ ಬಿಡಬ್ಯಾಡ್ರಿ.

ಹಾವೇರಿ ಏಲಕ್ಕಿ

ಏರ್ ಪಂಪ್ ಹಚ್ಚಿದೆ ಅಕ್ಕಾರ, ಗೋಲ್ಡ್‌ಫಿಶ್ ಕೆಳಗ ಇಳದಾವ. ಒಂದ ತಿಳೀವಲ್ದು, ಈ ಅಣ್ಣಾರ ಟ್ಯಾಂಕಿನ ಕೆಳಗ ಸಂಪ್ ಐತಿ ಅಂತ ಬರದಾರ, ಮ್ಯಾಲಿನ ಮಹಡ್ಯಾಗ ಸಂಪ್ ಹೆಂಗ ಕಟ್ಟಿಸಿದ್ರು?

ಗದಗ ಬೆಟಗೇರಿ

ಅದ ನೆಲದಾಗಿನ ನೀರಿನ ಸಂಪ್ ಅಲ್ಲ ತಮ್ಮಾ. ಉಪ್ಪುನೀರ ಟ್ಯಾಂಕಿನ ಕೆಳಗ ಇನ್ನೊಂದ ಸಣ್ಣ ಗ್ಲಾಸ್ ಪೆಟಗಿ ಇರತೈತಿ, ಅದರಾಗ ಫಿಲ್ಟರ್, ಸ್ಕಿಮ್ಮರ್ (ನೀರಿನ ಹೊಲಸ ನೊರಿ ಮಾಡಿ ತಗಿಯೂದು), ಹೀಟರ್ ಎಲ್ಲಾ. ಅದಕ್ಕೂ ಸಂಪ್ ಅಂತಾರ.

ನವನಗರ ನಿವಾಸಿ

ಆ ಮಾತಿನ ಮ್ಯಾಲ ನನಗ ಒಂದ ಐಡಿಯಾ ಬಂತು. ನಮ್ಮ ಮನಿ ನೆಲದ ಸಂಪಿನ ನೀರು ಬ್ಯಾಸಗ್ಯಾಗೂ ತಣ್ಣಗ ಇರತೈತಿ. ಒಂದ ತಾಮ್ರದ ಪೈಪ್ ಸುರುಳಿ ಮಾಡಿ ಅದರಾಗ ಇಳಸಿ ಟ್ಯಾಂಕಿನ ನೀರ ಅದರಾಗ ಹಾಯಿಸಿ ತಂದ್ರ ಬಿಟ್ಟಿ ಚಿಲ್ಲರ್ ಆತಲ್ಲ? ತಾಮ್ರ ಬಿಸಿ ಲಗೂನ ಬಿಡತೈತಿ.

ಪ್ರಾಣಿಶಾಸ್ತ್ರ ಮಾಸ್ತರ

ತಾಮ್ರ ಅಂತ ಮತ್ತ ಅನಬ್ಯಾಡ್ರಿ! ಮೀನಿಗೆ ಬಿಳಿ ಚುಕ್ಕಿ ರೋಗ ಬಂದ್ರ ತಾಮ್ರದ ಔಷಧ ಕೊಡತಾರ, ಲೀಟರಿಗೆ 0.2 ಮಿಲಿಗ್ರಾಂ ಹತ್ತಿರ, ಅದೂ ಬ್ಯಾರೆ ಟ್ಯಾಂಕಿನೊಳಗ. ಯಾಕಂದ್ರ ಅಷ್ಟ ತಾಮ್ರಕ್ಕ ಶ್ರಿಂಪ್, ಬಸವನಹುಳ, ಕೋರಲ್ ಎಲ್ಲಾ ಸಾಯತಾವ. ಉಪ್ಪುನೀರು ತಾಮ್ರದ ಪೈಪ್ ತಿಂತದ. ಒಂದಸಲ ಕಲ್ಲಿಗೆ ಮರಳಿಗೆ ತಾಮ್ರ ಹಿಡೀತಂದ್ರ ಆ ಟ್ಯಾಂಕಿನೊಳಗ ಶ್ರಿಂಪ್ ಇಡೂದು ಮರತಬಿಡ್ರಿ.

ನವನಗರ ನಿವಾಸಿ

ಹಂಗಾದ್ರ ಪ್ಲಾಸ್ಟಿಕ್ ಪೈಪು?

ಮೆಕ್ಯಾನಿಕಲ್ ವಿದ್ಯಾನಗರ

ಪ್ಲಾಸ್ಟಿಕ್ ಬಿಸಿ ಬಿಡೂದ ಭಾಳ ಸಾವಕಾಶ, ತುಂಬಾ ಉದ್ದ ಬೇಕು, ಅಷ್ಟ ಉದ್ದಕ್ಕ ನೀರ ತಳ್ಳಾಕ ದೊಡ್ಡ ಪಂಪ್ ಬೇಕು, ಆ ಪಂಪಿನ ಬಿಸಿ ಮತ್ತ ನೀರಿಗೆ. ಅದಕ್ಕಿಂತ ದೊಡ್ಡ ಮಾತು, ಪೈಪ್ ಸೋರಿದ್ರ ಕುಡಿಯೂ ನೀರಿನ ಸಂಪಿನ್ಯಾಗ ಉಪ್ಪುನೀರು. ನಮ್ಮ ಓಣ್ಯಾಗ ನಲ್ಲಿ ನೀರು ವಾರಕ್ಕೊಮ್ಮೆ ಬರತೈತಿ, ಆ ಸಂಪ್ ಕೆಡಸಕೊಂಡ್ರ ಮನಿ ಮಂದಿ ನಮ್ಮನ್ನ ಹೊರಗ ಹಾಕತಾರ.

ಪಂಪಿನ ಮಾತ ಬಂತಲ್ಲ, ಉಣಕಲ್ ಅವ್ರ, ಸಂಪಿನಿಂದ ಮ್ಯಾಲ ನೀರ ಕಳಸೂ ನಿಮ್ಮ ರಿಟರ್ನ್ ಪಂಪ್ ಎಷ್ಟ ವ್ಯಾಟ್? ನೀರಾಗ ಮುಳಗಿದ ಪಂಪ್ ತಗೊಂಡ ಕರೆಂಟ್ ಎಲ್ಲಾ ಕಡೀಕ ನೀರಿಗೆ ಬಿಸಿ ಆಗಿ ಸೇರತೈತಿ.

ಉಣಕಲ್ ಹುಡುಗ

ಈಗ ನೋಡಿದೆ, 60 ವ್ಯಾಟ್ ಅಂತ ಬರದೈತ್ರಿ.

ಮೆಕ್ಯಾನಿಕಲ್ ವಿದ್ಯಾನಗರ

ಅಲ್ಲೇ ಐತಿ ನೋಡ್ರಿ. 60 ವ್ಯಾಟ್ 24 ತಾಸು ಅಂದ್ರ 1200 ಕಿಲೋ ಕ್ಯಾಲರಿಗಿಂತ ಹೆಚ್ಚು. ಅದೊಂದನ್ನ ಹೊರಗ ಹಾಕಾಕ ದಿನಕ್ಕ 2 ಲೀಟರ್ ನೀರ ಆವಿ ಆಗಬೇಕು. ಸಾಧ್ಯ ಆದಾಗ 20, 25 ವ್ಯಾಟಿನ ಡಿಸಿ ಪಂಪಿಗೆ ಬದಲಿ ಮಾಡ್ರಿ. ಚಿಲ್ಲರ್ ತಗೊಳ್ಳೂ ಮೊದಲ ಪಂಪ್ ಬದಲಿ ಮಾಡೂದು ನನ್ನ ಪ್ರಕಾರ ಜಾಣತನ.

ಗುಲಗಂಜಿಕೊಪ್ಪ

ಏರ್ ಕೂಲರ್ ಇಟ್ಟರ ಹೆಂಗ? ರೂಮ್ ತಂಪ ಆಗತೈತಿ, ಮನ್ಯಾಗಿನವ್ರಿಗೂ ಆರಾಮ.

ಸಾಧನಕೇರಿ ಕಡಲು

ಕಿಟಕಿ ತಗದ ಇಟ್ಟು ಹಚ್ಚಿದ್ರ ಚಲೋ, ಮುಚ್ಚಿ ಹಚ್ಚಿದ್ರ ರೂಮಿನ ಗಾಳಿ ಹಸಿ ಆಗಿ ಟ್ಯಾಂಕಿನ ಫ್ಯಾನಿನ ಕೆಲಸ ಕೆಡತೈತಿ. ನಾ ಮಾಡಿ ನೋಡೇನಿ, ಮುಚ್ಚಿದಾಗ ಟ್ಯಾಂಕ್ 28 ದಾಟಿತ್ತು.

ಗದಗ ಬೆಟಗೇರಿ

ಫ್ಯಾನ್ ಫ್ಯಾನ್ ಅಂತ ಎಲ್ಲಾರೂ ಹೇಳೀರಿ, ಆರಿ ಹೋದ ನೀರಿನ ಮಾತ ಯಾರೂ ಹೇಳಲಿಲ್ಲ. ಟಾಪ್ ಆಫ್ ನೀರು, ಅಂದ್ರ ಆರಿದಷ್ಟ ಮತ್ತ ತುಂಬಸೂ ನೀರು, ನಮ್ಮ ಗದಗಿನವ್ರಿಗೆ ದೊಡ್ಡ ಸಮಸ್ಯಾ. ಬೋರಿನ ನೀರು ಗಡಸು, ಫ್ಲೋರೈಡ್ ಬ್ಯಾರೆ. ದಿನಾ 3 ಲೀಟರ್ ಅಂಥಾ ನೀರ ಹಾಕಿದ್ರ ನೀರಷ್ಟ ಹಾರತೈತಿ, ಅದರಾಗಿನ ಸುಣ್ಣ ಗಿಣ್ಣ ಎಲ್ಲಾ ಟ್ಯಾಂಕಿನ್ಯಾಗ ಕೂಡತೈತಿ. ನಾ ಆರ್‌ಓ ನೀರನ್ನ ಮತ್ತ ಡಿಐ ಕಾರ್ಟ್ರಿಡ್ಜಿನ್ಯಾಗ (ಉಳದ ಲವಣ ಹಿಡಿಯೂ ಫಿಲ್ಟರ್) ಹಾಯಿಸಿ ಟಿಡಿಎಸ್ (ಕರಗಿದ ಲವಣದ ಅಳತಿ) 0 ಮಾಡಿ ಹಾಕತೀನಿ. ಆರ್‌ಓ ಬಿಟ್ಟ ನೀರು ಬಕೆಟ್ಟಿನ್ಯಾಗ ಹಿಡದು ಭಾಂಡೆ ತಿಕ್ಕಾಕ ಕೊಡತೀನಿ, ಒಂದ ಹನಿ ಚೆಲ್ಲೂದಿಲ್ಲ.

ಉಣಕಲ್ ಹುಡುಗ, ಏಪ್ರಿಲ್ 18

ಒಂದ ವಾರ ಆತು, ಏನಾತು ಅಂತ ಬರೀತೀನಿ. ಎರಡ ಫ್ಯಾನ್ ಮತ್ತ ಕಂಟ್ರೋಲರ್ ಹಚ್ಚೇನಿ. ಮೊದಲನೇ ದಿನಾನ 31 ಇದ್ದದ್ದು 28.3ಕ್ಕ ಬಂತು, ಎರಡನೇ ದಿನದಿಂದ 26.4ರಿಂದ 27.6ರ ಒಳಗ ಐತಿ. ನಮ್ಮ ಮನ್ಯಾಗ ಎಲ್ಲಾರೂ ಬಂದ ಬಂದ ಕಂಟ್ರೋಲರ್ ನೋಡಿ ಹೋಗತಾರ. ಖರೇನ ಭಾಳ ಖುಷಿ ಆತ್ರಿ.

ಆದ್ರ ಝೋವಾ ಇನ್ನೂ ತಗದಿಲ್ಲ, ಲೆದರ್ ಮತ್ತಷ್ಟ ಕುಗ್ಗೇತಿ. ದಿನಾ ಹತ್ತತ್ರ 3 ಲೀಟರ್ ಕಡಿಮಿ ಆಗತೈತಿ, ಅಷ್ಟೂ ತುಂಬಸಾಕ ಹತ್ತೇನಿ. ಇನ್ನೇನ ತಪ್ಪ ಮಾಡಾಕ ಹತ್ತೇನಿ ತಿಳೀವಲ್ದು.

ಗದಗ ಬೆಟಗೇರಿ

ಯಾವ ನೀರ ತುಂಬಸಾಕ ಹತ್ತೀರಿ?

ಉಣಕಲ್ ಹುಡುಗ

ಉಪ್ಪ ಕಲಿಸಿದ್ದು. ವಾಟರ್ ಚೇಂಜಿಗೆ ಮಾಡೂದ ನೀರು.

ಗದಗ ಬೆಟಗೇರಿ

ಅಯ್ಯೋ! ಅದ ತಪ್ಪು. ಆವಿ ಆಗೂದು ಬರೇ ನೀರು, ಉಪ್ಪ ಟ್ಯಾಂಕಿನ್ಯಾಗ ಉಳೀತೈತಿ. ನೀವ ಉಪ್ಪಿನ ಮ್ಯಾಲ ಉಪ್ಪ ಹಾಕಾಕ ಹತ್ತೀರಿ. ಈಗಿಂದೀಗ ಅಳೀರಿ.

ಉಣಕಲ್ ಹುಡುಗ

ಉಪ್ಪಿನ ಸಾಂದ್ರತಾ (ಸಿಹಿನೀರಿಗೆ 1.000 ಅಂದ್ರ) 1.028 ಐತ್ರಿ! ಮೊದಲ 1.026 ಇತ್ತು. ಐದ ದಿನ ಹಾಕೇನಿ.

ಮೆಕ್ಯಾನಿಕಲ್ ವಿದ್ಯಾನಗರ

ಲೆಕ್ಕಾ ಕೂಡತೈತಿ. ಐದ ದಿನ, ದಿನಕ್ಕ 3 ಲೀಟರ್, ಲೀಟರಿಗೆ 35 ಗ್ರಾಂ. ಅರ್ಧ ಕೆಜಿ ಉಪ್ಪು ಹೆಚ್ಚಿಗೆ ಬಿದ್ದೇತಿ.

ಸಾಧನಕೇರಿ ಕಡಲು

ನಾನ ಹೇಳಬೇಕಾಗಿತ್ತು ತಮ್ಮಾ, ಫ್ಯಾನ್ ಅಂದ ಹೊತ್ತಿಗೇ ಸಿಹಿನೀರು ಅಂತ ಹೇಳಬೇಕಾಗಿತ್ತು, ನನ್ನ ತಪ್ಪು. ಗಾಬರಿಲೆ ಒಮ್ಮೆಲೆ ಇಳಸಬ್ಯಾಡ. ದಿನಕ್ಕ ಒಂದ ತಂಬಗಿ ಟ್ಯಾಂಕಿನ ನೀರ ತಗದು ಅಷ್ಟ ಆರ್‌ಓ ನೀರ ಹಾಕಕೋತ ಹೋಗು, ಜೊತಿಗೆ ಆವಿ ಆಗಿದ್ದಕ್ಕೂ ಬರೇ ಆರ್‌ಓ ನೀರು. ಒಂದ ತಂಬಗಿ ಸಾಲದು ಅನಸಿದ್ರ ಎರಡು ಮೂರು, ಅಳದ ಅಳದ ಮಾಡು, ದಿನಕ್ಕ 0.001ಕ್ಕಿಂತ ಹೆಚ್ಚ ಇಳೀಬಾರದು. ಸಂಪಿನ ಗ್ಲಾಸಿಗೆ ಒಂದ ಗೆರಿ ಹೊಡದಿಡು, ನೀರ ಗೆರಿಗಿಂತ ಕೆಳಗ ಬಂತಂದ್ರ ಅಲ್ಲಿ ತನಕ ತುಂಬಸು. ದಿನಾ ಆಗೂದಿಲ್ಲ ಅಂದ್ರ ಫ್ಲೋಟ್ ವಾಲ್ವ್ ಹಚ್ಚಿ ಒಂದ ಕ್ಯಾನ್ ಎತ್ತರದಾಗ ಇಡು, ತಾನ ಇಳೀತೈತಿ.

ನವನಗರ ನಿವಾಸಿ

ನಾನೂ ಹಿಂಗ ಮಾಡಾಕ ಹತ್ತಿದ್ದೆ. ಹೇಳಿದ್ದ ಚಲೋ ಆತು, ನಂದು 1.030.

ಪ್ರಾಣಿಶಾಸ್ತ್ರ ಮಾಸ್ತರ

ಎಲ್ಲಾರೂ ಥರ್ಮಾಮೀಟರ್ ಒಮ್ಮೆ ಪರೀಕ್ಷಾ ಮಾಡ್ರಿ. ಗ್ಲಾಸಿಗೆ ಅಂಟಸೂ ಸ್ಟಿಕ್ಕರ್ ನಂಬಬ್ಯಾಡ್ರಿ, ಅದು ಅರ್ಧ ರೂಮಿನ ಬಿಸಿ ತೋರಸತದ. ಡಿಜಿಟಲ್ ಪ್ರೋಬನ್ನ ಪುಡಿ ಐಸ್ ಮತ್ತ ಸ್ವಲ್ಪ ನೀರ ಕಲಿಸಿದ್ದರೊಳಗ ಇಳಸಿ ಐದ ನಿಮಿಷ ಬಿಟ್ಟರ 0 ತೋರಸಬೇಕು. ಕುದಿಯೂ ನೀರಿನೊಳಗ ನೋಡಬ್ಯಾಡ್ರಿ, ನಮ್ಮ ಊರು ಕಡಲಿಗಿಂತ 700 ಮೀಟರ್ ಹತ್ತಿರ ಎತ್ತರ, ಇಲ್ಲಿ ನೀರು 100ಕ್ಕಲ್ಲ, 98ರ ಒಳಗ ಕುದೀತದ.

ಗುಲಗಂಜಿಕೊಪ್ಪ

ಮಾಸ್ತರ, ನಮಗ ಒಬ್ರು ಬ್ರೇನ್ ಕೋರಲ್ ತಂದ ಕೊಡತೀನಿ ಅಂದಾರ. ಅದು 28 ಡಿಗ್ರಿ ತಡಕೋತೈತೇನು?

ಪ್ರಾಣಿಶಾಸ್ತ್ರ ಮಾಸ್ತರ

ಡಿಗ್ರಿ ಮಾತ ಆಮ್ಯಾಲ, ಮೊದಲ ಅದನ್ನ ತಗೊಳ್ಳಬ್ಯಾಡ್ರಿ. ಕಲ್ಲಿನ ಅಸ್ಥಿಪಂಜರ ಕಟ್ಟೂ ಹವಳ ಎಲ್ಲಾ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಳಗ ಬರತಾವ, 2001ರಾಗ ಪಟ್ಟಿಗೆ ಸೇರಿಸ್ಯಾರ. ಸಮುದ್ರ ಕುದುರಿನೂ ಹಂಗ. ನಮ್ಮ ಹವಳದ ದಿಬ್ಬ ಮೊದಲಽ ಬಿಸಿಗೆ ಬಳಲಾಕ ಹತ್ಯಾವ, ಅವನ್ನ ಒಡದ ತಂದು ಪಡಸಾಲ್ಯಾಗ ಇಡೂದು ನನ್ನ ಮನಸ್ಸಿಗೆ ಒಪ್ಪೂದಿಲ್ಲ.

ಗುಲಗಂಜಿಕೊಪ್ಪ

ಗೊತ್ತಿರಲಿಲ್ರಿ. ಬ್ಯಾಡ ಅಂತ ಹೇಳಿ ಬಿಡತೀನಿ.

ಕಾರವಾರ ರೋಡ್

ನಿನ್ನೆ ಮಧ್ಯಾಹ್ನ ನಾಲ್ಕ ತಾಸ ಕರೆಂಟ್ ಇರಲಿಲ್ಲ. ಟ್ಯಾಂಕ್ 29ಕ್ಕ ಹೋಗಿತ್ತು, ಆದ್ರ ಒಂದ ಡ್ಯಾಮ್ಸೆಲ್ ಮೀನ ಅಷ್ಟರಾಗ ಹೋತು. 29ಕ್ಕ ಸಾಯತಾವೇನು?

ಸಾಧನಕೇರಿ ಕಡಲು

ಬಿಸಿಗೆ ಅಲ್ರಿ, ಉಸರ ಸಿಗದ. ಪಂಪ್ ನಿಂತ ಮ್ಯಾಲ ನೀರಿನ ಮೈ ಅಲಗೂದಿಲ್ಲ. ಬ್ಯಾಟರಿ ಮ್ಯಾಲ ಓಡೂ ಏರ್ ಪಂಪ್ ಒಂದ ತಗೊಂಡ ಇಡ್ರಿ, ಕರೆಂಟ್ ಹೋದ ಕೂಡಲೇ ತಾನ ಚಾಲೂ ಆಗೂವೂ ಬರತಾವ. ಇನ್ವರ್ಟರ್ ಇದ್ರ ಬರೇ ವೇವ್ ಮೇಕರ್ ಮತ್ತ 12 ವೋಲ್ಟಿನ ಫ್ಯಾನ್ ಅದಕ್ಕ ಹಚ್ಚ್ರಿ, ಹೀಟರ್ ಚಿಲ್ಲರ್ ಹಚ್ಚಬ್ಯಾಡ್ರಿ. ಏನೂ ಇಲ್ಲದಾಗ ನಾ ತಂಬಗೀಲೆ ನೀರ ಎತ್ತಿ ಎತ್ತಿ ಹುಯ್ದೇನಿ, ಒಂದ ತಾಸ. ಕೈ ನೋಯತೈತಿ, ಆದ್ರ ಮೀನ ಉಳದ್ವು.

ಉಣಕಲ್ ಹುಡುಗ, ಮೇ 2

1.026ಕ್ಕ ಬಂದೈತಿ. ಟ್ಯಾಂಕ್ 26.2ರಿಂದ 27.3. ನಿನ್ನೆ ಸಂಜಿ ಲೈಟ್ ಹಚ್ಚಿದಾಗ ಲೆದರ್ ಮೈ ಬಿಟ್ಟಿತ್ತು, ಝೋವಾ ಮೂರ ಗುಂಪ ತಗದಾವ, ನಾಲ್ಕನೇದು ಹೋತು, ಅದನ್ನ ತಗದ ಬಿಟ್ಟೆ. ಶ್ರಿಂಪ್ ಈಗ ತರಲೋ, ಮಳಿ ಹಿಡದ ಮ್ಯಾಲ ತರಲೋ?

ಸಾಧನಕೇರಿ ಕಡಲು

ಮಳಿ ಹಿಡೀಲಿ. ಆದ್ರ ಜೂನಿನ್ಯಾಗ ಫ್ಯಾನ್ ಇಷ್ಟ ಕೆಲಸ ಮಾಡೂದಿಲ್ಲ, ಆವಾಗ ಹೊರಗಿನ ಗಾಳೀನ ತಂಪ ಇರತೈತಿ, ನಡೀತೈತಿ. ನಡುವ ಮೋಡ ಮುಚ್ಚಿ ಕುದಿ ಹಿಡಿಯೂ ಹತ್ತ ದಿನ ಇರತಾವ ನೋಡು, ಮೇ ಕೊನೀಗೆ, ಆ ಹತ್ತ ದಿನ ಮಾತ್ರ ಕಣ್ಣಾಗ ಎಣ್ಣಿ ಬಿಟಗೊಂಡ ಕಾಯಬೇಕು. ನವನಗರದವ್ರ ಐಸ್ ಬಾಟ್ಲಿ ಆವಾಗ ಉಪಯೋಗಕ್ಕ ಬರತಾವ, ಆರ್‌ಓ ನೀರ ತುಂಬಿ ನಾಲ್ಕ ಬಾಟ್ಲಿ ಈಗ ಫ್ರೀಝರ್‌ನ್ಯಾಗ ಇಟ್ಟಿರು.

ನವನಗರ ನಿವಾಸಿ

ಜಾಗಾ ಇಲ್ಲಂದ್ರ ನಮ್ಮ ಮನಿ ಫ್ರೀಝರ್‌ನ್ಯಾಗ ಇಡ್ರಿ ತಮ್ಮಾರ, ಹತ್ತ ನಿಮಿಷದ ದಾರಿ.

ಹಾವೇರಿ ಏಲಕ್ಕಿ

ಅಕ್ಕಾರ, ಆ 12 ವೋಲ್ಟಿನ ಫ್ಯಾನ್ ಗೋಲ್ಡ್‌ಫಿಶ್ ಟ್ಯಾಂಕಿಗೂ ನಡೀತೈತೇನ್ರಿ? ಒಂದ ಸಾಕಾ?

ಸಾಧನಕೇರಿ ಕಡಲು

ನಡೀತೈತಿ ತಮ್ಮಾ, ಒಂದ ಸಾಕು. ಟ್ಯಾಂಕ್ ಎಷ್ಟ ಲೀಟರ್ ಹೇಳು ಮೊದಲ.